ದೆವ್ವ ಒಂದು, ನಿಯಮ ಒಂದು, ನಿಮಿಷ ಮೂರು

2013ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದಲ್ಲಿ ಡೇವಿಡ್ ಸ್ಯಾಂಡ್‌ಬರ್ಗ್ ಮತ್ತು ಲೊಟ್ಟಾ ಲೋಸ್ಟನ್ ದಂಪತಿ ತಾವಿದ್ದ ಅಪಾರ್ಟ್‌ಮೆಂಟಿನಲ್ಲೇ ಮೂರು ನಿಮಿಷಕ್ಕೂ ಚಿಕ್ಕದಾದ ಒಂದು ಚಿತ್ರ ಮಾಡಿದರು. ಗಂಡ ಕ್ಯಾಮೆರಾ ಹಿಂದೆ, ಹೆಂಡತಿ ಕ್ಯಾಮೆರಾ ಮುಂದೆ. ಚಿತ್ರದ ಹೆಸರು ‘ಲೈಟ್ಸ್ ಔಟ್’. ಬ್ರಿಟನ್ನಿನ ಬ್ಲಡಿ ಕಟ್ಸ್ ತಂಡ ಏರ್ಪಡಿಸಿದ್ದ ಹಾರರ್ ಕಿರುಚಿತ್ರ ಸ್ಪರ್ಧೆಗೆ ಅದನ್ನು ಕಳಿಸಿದರು. ನಿರ್ದೇಶನದ ಪ್ರಶಸ್ತಿ ಬಂತು, ಮೊದಲ ಬಹುಮಾನ ಬರಲಿಲ್ಲ. ಮುಂದೆ ಆ ವಿಡಿಯೋ ಅಂತರ್ಜಾಲದಲ್ಲಿ ಕೈಯಿಂದ ಕೈಗೆ ದಾಟುತ್ತ ಹಾಲಿವುಡ್ಡಿಗೆ ಮುಟ್ಟಿತು. 2016ರಲ್ಲಿ ನ್ಯೂ ಲೈನ್ ಸಿನೆಮಾ ಅದನ್ನು ಪೂರ್ಣ ಚಿತ್ರವಾಗಿ ತಂದಿತು, ನಿರ್ದೇಶಕ ಸ್ಯಾಂಡ್‌ಬರ್ಗ್ ಅವರೇ. ಸುಮಾರು 49 ಲಕ್ಷ ಡಾಲರ್ ಖರ್ಚಿನ ಆ ಚಿತ್ರ ಜಗತ್ತಿನಾದ್ಯಂತ 14 ಕೋಟಿ ಡಾಲರಿಗೂ ಮಿಕ್ಕಿ ಗಳಿಸಿತು.

ಈ ಕಥೆಯನ್ನು ಅದೃಷ್ಟದ ಕಥೆಯಾಗಿ ಹೇಳುವವರೇ ಹೆಚ್ಚು. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಆ ಮೂರು ನಿಮಿಷದ ಒಳಗಿನ ಕಟ್ಟೋಣ. ಒಬ್ಬ ಹೆಂಗಸು ಮಲಗುವ ಮುನ್ನ ಹಜಾರದ ದೀಪ ಆರಿಸುತ್ತಾಳೆ. ಕತ್ತಲಲ್ಲಿ ಆ ತುದಿಗೆ ಯಾರೋ ನಿಂತ ಹಾಗೆ ಒಂದು ಕಪ್ಪು ಆಕಾರ. ದೀಪ ಹಾಕುತ್ತಾಳೆ, ಯಾರೂ ಇಲ್ಲ. ಆರಿಸುತ್ತಾಳೆ, ಇದೆ. ಹಾಕುತ್ತಾಳೆ, ಇಲ್ಲ. ಇನ್ನೊಮ್ಮೆ ಆರಿಸಿದಾಗ ಅದು ಅವಳ ಪಕ್ಕಕ್ಕೇ ಬಂದಿದೆ. ಸ್ವಿಚ್ಚಿಗೆ ಟೇಪು ಅಂಟಿಸಿ ಓಡಿ ಹೋಗಿ ಹೊದ್ದು ಮಲಗುತ್ತಾಳೆ. ಕಡೆಗೆ ಹಾಸಿಗೆ ಪಕ್ಕದ ದೀಪದ ಬಳಿ ಅದೇ ಕೂತಿದೆ. ಈ ಸಲ ದೀಪ ಆರಿಸುವುದು ಅದರ ಕೈ.

ಇಡೀ ಚಿತ್ರದಲ್ಲಿ ಮಾತಿಲ್ಲ. ಆ ಆಕಾರ ಯಾರದು, ಯಾಕೆ ಬಂತು, ಆ ಮನೆಯಲ್ಲಿ ಹಿಂದೆ ಏನಾಗಿತ್ತು ಎಂಬ ಯಾವ ವಿವರವೂ ಇಲ್ಲ. ಇರುವುದು ಒಂದೇ ನಿಯಮ: ಕತ್ತಲಿದ್ದರೆ ಅದು ಇರುತ್ತದೆ, ಬೆಳಕಿದ್ದರೆ ಇರುವುದಿಲ್ಲ. ನೋಡುವವರು ಈ ನಿಯಮವನ್ನು ಅರ್ಧ ನಿಮಿಷದಲ್ಲಿ ಕಲಿತುಬಿಡುತ್ತಾರೆ. ಕಲಿತ ತಕ್ಷಣ ಬೆಳಕೇ ರಕ್ಷಣೆ ಎಂದು ನಂಬುತ್ತಾರೆ. ಆ ನಂಬಿಕೆಯನ್ನೇ ಕೊನೆಯ ಶಾಟ್ ಮುರಿಯುತ್ತದೆ. ಸ್ವತಂತ್ರವಾಗಿ ಹಾರರ್ ಕಿರುಚಿತ್ರ ಮಾಡಹೊರಟವರು ಕ್ಯಾಮೆರಾ, ಲೆನ್ಸು, ಬಜೆಟ್ಟು ಎಂದು ತಲೆಕೆಡಿಸಿಕೊಳ್ಳುವ ಮುಂಚೆ ಗಟ್ಟಿ ಮಾಡಿಕೊಳ್ಳಬೇಕಾದ್ದು ಇಂಥ ಒಂದು ನಿಯಮವನ್ನು. ಉಳಿದ ಕೆಲಸವೆಲ್ಲ, ಬೆಳಕಿನಿಂದ ಹಿಡಿದು ಯೂಟ್ಯೂಬಿಗೆ ಹಾಕುವವರೆಗೆ, ಆ ನಿಯಮ ನೋಡುಗರಿಗೆ ಕೆಡದೆ ತಲುಪುವಂತೆ ನೋಡಿಕೊಳ್ಳುವುದು.

ನಾಳೆ ಬಾ

ಇಂಥ ನಿಯಮದ ಕಥೆಗೆ ನಮ್ಮಲ್ಲಿ ಬರವಿಲ್ಲ. 1990ರ ದಶಕದಲ್ಲಿ ಬೆಂಗಳೂರಿನಲ್ಲೂ ಸುತ್ತಮುತ್ತಲ ಊರುಗಳಲ್ಲೂ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದದ್ದನ್ನು ನೋಡಿದವರು ಇನ್ನೂ ಬಹಳ ಮಂದಿ ಇದ್ದಾರೆ. ರಾತ್ರಿ ದೆವ್ವ ಬಂದು ಬಾಗಿಲು ಬಡಿಯುತ್ತದೆ, ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಓಗೊಟ್ಟು ತೆರೆದವರು ಉಳಿಯುವುದಿಲ್ಲ. ಬಾಗಿಲ ಮೇಲೆ ‘ನಾಳೆ ಬಾ’ ಎಂದಿದ್ದರೆ ಓದಿಕೊಂಡು ಹೋಗುತ್ತದೆ, ಮಾರನೆಯ ರಾತ್ರಿ ಬಂದು ಮತ್ತೆ ಅದನ್ನೇ ಓದಿ ಹೋಗುತ್ತದೆ. ಕಥೆಯ ಅಂಗಾಂಗ ನೋಡಿ: ಅಪಾಯ ಯಾವುದೆಂದು ಗೊತ್ತು, ಬರುವ ಹೊತ್ತು ಗೊತ್ತು, ಅದು ಮಾಡುವ ಮೋಸ ಗೊತ್ತು, ತಪ್ಪಿಸಿಕೊಳ್ಳುವ ದಾರಿಯೂ ಗೊತ್ತು. ಆ ದಾರಿ ನಿಂತಿರುವುದು ಸೀಮೆಸುಣ್ಣದ ಮೂರು ಅಕ್ಷರದ ಮೇಲೆ.

ಇದರಿಂದ ಮೂರು ನಿಮಿಷದ ಚಿತ್ರ ಮಾಡುವುದಾದರೆ ದೆವ್ವದ ಪೂರ್ವಕಥೆ ಬರೆಯಲು ನಾನು ಕೂರುವುದಿಲ್ಲ. ಆ ಅಕ್ಷರ ಅಳಿಸಿಹೋಗುವ ಸಂದರ್ಭ ಹುಡುಕುತ್ತೇನೆ. ಉದಾಹರಣೆಗೆ, ಬಾಡಿಗೆ ಮನೆ. ಹಬ್ಬ ಹತ್ತಿರ ಬಂತೆಂದು ಮಾಲೀಕರು ಬಾಗಿಲಿಗೆ ಬಣ್ಣ ಹೊಡೆಸಿದ್ದಾರೆ. ಕೆಲಸ ಮುಗಿಸಿ ರಾತ್ರಿ ಬಂದ ಹುಡುಗಿ ಹೊಸ ಬಣ್ಣದ ಕೆಳಗೆ ಹಳೆಯ ಅಕ್ಷರದ ಗುರುತನ್ನು ಬೆರಳಲ್ಲಿ ಸವರಿ, ಏನೋ ಇತ್ತಲ್ಲ ಎಂದುಕೊಂಡು ಒಳಗೆ ಹೋಗುತ್ತಾಳೆ. ಪಕ್ಕದ ಮನೆಯ ಬಾಗಿಲಲ್ಲಿ ‘ನಾಳೆ ಬಾ’ ಹಾಗೇ ಇದೆ; ಅದು ಒಂದು ಕ್ಷಣ ಕಂಡರೆ ಸಾಕು, ಕನ್ನಡದ ನೋಡುಗರಿಗೆ ನಿಯಮ ಹೇಳಿಕೊಟ್ಟಂತೆಯೇ. ಒಳಗೆ ಅಮ್ಮನ ಜೊತೆ ಫೋನಿನಲ್ಲಿ ಮಾತು. ಅಮ್ಮ ಇರುವುದು ಹಾಸನದಲ್ಲಿ. ಮಾತಿನ ನಡುವೆ ಬಾಗಿಲು ಬಡಿದ ಸದ್ದು, ಹೊರಗಿನಿಂದ ಅದೇ ಅಮ್ಮನ ದನಿ, “ಬಾಗಿಲು ತೆಗಿಯೇ ಪುಟ್ಟಿ, ಬಸ್ಸು ಲೇಟಾಯ್ತು.” ಹುಡುಗಿ ಫೋನು ನೋಡುತ್ತಾಳೆ. ಕಾಲ್ ಇನ್ನೂ ನಡೆಯುತ್ತಿದೆ. ಎರಡು ದನಿಯಲ್ಲಿ ಯಾವುದು ಅಮ್ಮ ಎಂಬ ಪ್ರಶ್ನೆ ಈಗ ಅವಳದು ಮಾತ್ರವಲ್ಲ, ನೋಡುವವರದೂ ಹೌದು.

ಇಲ್ಲಿ ನಟರು ಇಬ್ಬರು, ಅದರಲ್ಲಿ ಒಬ್ಬರು ದನಿ ಮಾತ್ರ. ಒಂದು ಬಾಗಿಲು, ಒಂದು ಕೋಣೆ. ದೆವ್ವವನ್ನು ತೋರಿಸಲೇಬೇಕೆಂದೇನೂ ಇಲ್ಲ. ಮೊದಲು ನಿಯಮ ಕಲಿಸುವುದು, ಆಮೇಲೆ ಅದನ್ನು ಪರೀಕ್ಷೆಗೆ ಒಡ್ಡುವುದು, ಕಡೆಗೆ ನೋಡುಗರು ಕಾಯುತ್ತಿರುವ ಕಡೆಯಿಂದ ಬಾರದೆ ಬೇರೆ ಕಡೆಯಿಂದ ಹೊಡೆಯುವುದು. ಬಾಗಿಲಾಚೆಯದು ದೆವ್ವವೆಂದು ಎಲ್ಲರೂ ನಂಬಿ ಕೂತಾಗ ಫೋನಿನ ದನಿಯೇ, “ನಾನೇ ಕಣೇ, ತೆಗಿ” ಎಂದರೆ?

ಮೂರು ನಿಮಿಷದಲ್ಲಿ ಭಯ ಹುಟ್ಟಿಸಬಹುದು. ಪಾತ್ರದ ಮೇಲೆ ಪ್ರೀತಿ ಹುಟ್ಟಿಸಲು ಹೊತ್ತು ಸಾಲದು. ಆದ್ದರಿಂದ ಕಿರುಚಿತ್ರ ನೋಡುವವರ ಸ್ವಂತ ಭಯವನ್ನೇ ಸಾಲ ತೆಗೆದುಕೊಳ್ಳಬೇಕು. ಕತ್ತಲ ಹಜಾರ, ಅರ್ಧ ತೆರೆದ ಬಚ್ಚಲುಮನೆ ಬಾಗಿಲು, ಅಟ್ಟದ ಮೇಲಿನ ಸದ್ದು, ಒಬ್ಬರೇ ಇರುವಾಗ ಕೂಗಿದ ಹಾಗಾಗುವುದು ಇವು ಎಲ್ಲರ ಬಳಿಯೂ ಇವೆ. ಐದು ನಿಮಿಷ ಪಾತ್ರ ಪರಿಚಯ, ಕಾಡಿನ ಬಂಗಲೆಗೆ ಕಾರಿನಲ್ಲಿ ಹೊರಡುವ ಗೆಳೆಯರು, ಹಾದಿಯಲ್ಲಿ ಎಚ್ಚರಿಸುವ ಮುದುಕ ಎಂದು ದೊಡ್ಡ ಚಿತ್ರದ ಸಾಮಾನನ್ನೆಲ್ಲ ತುಂಬಿದ ಕಿರುಚಿತ್ರಗಳು ಸೋಲುವುದು ಇಲ್ಲೇ. ದೆವ್ವ ಬರುವ ಹೊತ್ತಿಗೆ ಚಿತ್ರವೇ ಮುಗಿದಿರುತ್ತದೆ.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಕರಾವಳಿಯ ದೈವಗಳು ದೆವ್ವಗಳಲ್ಲ. ಭೂತಕೋಲದ ಅಣಿ (ಬೆನ್ನಿಗೆ ಕಟ್ಟುವ ದೊಡ್ಡ ಅಲಂಕಾರ), ಮುಖವರ್ಣಿಕೆ, ಕೂಗು ಕಣ್ಣು ಸೆಳೆಯುತ್ತದೆ ಎಂದು ಅದನ್ನು ಹಾರರ್ ವೇಷ ಮಾಡಿಕೊಂಡರೆ ನಂಬಿ ನಡೆದುಕೊಳ್ಳುವ ಜನಕ್ಕೆ ನೋವಾಗುತ್ತದೆ. ಚಿತ್ರಕ್ಕೂ ಅದರಿಂದ ಬರುವುದು ಬಣ್ಣ ಮಾತ್ರ, ಭಯ ಬರುವುದಿಲ್ಲ. ಮಾನಸಿಕ ಕಾಯಿಲೆ ಇರುವವರನ್ನೇ ದೆವ್ವದಂತೆ ತೋರಿಸುವ ಹಳೆಯ ಚಾಳಿಗೂ ಇದೇ ಮಾತು.

ಕತ್ತಲೆ ಮಾಡಲು ಬೆಳಕು ಬೇಕು

ಮೊದಲ ಸಲ ಚಿತ್ರ ಮಾಡುವವರು ರಾತ್ರಿ ದೀಪ ಆರಿಸಿ, ಮೊಬೈಲಿನಲ್ಲಿ ಶೂಟ್ ಮಾಡಿ, ಬೂದುಬಣ್ಣದ ಕಾಳುಕಾಳು ಚಿತ್ರ ಕಂಡು ಬೇಸರಪಡುತ್ತಾರೆ. ಮೊಬೈಲಿನ ಸೆನ್ಸರ್ ಚಿಕ್ಕದು. ಬೆಳಕು ಸಾಲದಿದ್ದರೆ ಅದು ತಾನಾಗಿ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) ಏರಿಸಿಕೊಂಡು ಇರುವಷ್ಟು ಸಂಕೇತವನ್ನು ಹಿಗ್ಗಿಸುತ್ತದೆ, ಜೊತೆಗೆ ಕಾಳುಕಾಳಾಗಿ ಕಾಣುವ ಗದ್ದಲವೂ ಹಿಗ್ಗುತ್ತದೆ. ಕತ್ತಲೆ ಕಾಣಬೇಕಾದರೆ ಕೋಣೆಯಲ್ಲಿ ಒಂದು ಕಡೆ ಸಾಕಷ್ಟು ಬೆಳಕಿರಬೇಕು, ಉಳಿದ ಕಡೆ ಬೀಳದಂತೆ ತಡೆದಿರಬೇಕು. ಇನ್ನೂ ಕಪ್ಪಾಗಬೇಕಾದರೆ ಎಡಿಟಿಂಗಿನಲ್ಲಿ ಇಳಿಸಬಹುದು. ಹಿಡಿಯದೇ ಬಿಟ್ಟದ್ದನ್ನು ಅಲ್ಲಿ ಎತ್ತಲು ಹೋದರೆ ಮತ್ತೆ ಕಾಳೇ.

ಇದಕ್ಕೆ ನೆರವಾಗುವುದು ಶಾಲೆಯಲ್ಲಿ ಓದಿದ ಒಂದು ಸೂತ್ರ. ದೀಪದಿಂದ ದೂರ ಎರಡರಷ್ಟಾದರೆ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಮುಖದಿಂದ ಒಂದು ಅಡಿ ದೂರವಿರುವ ಬಲ್ಬು ಹಿಂದಿನ ಗೋಡೆಯಿಂದ ಎಂಟು ಅಡಿ ದೂರದಲ್ಲಿದ್ದರೆ, ಗೋಡೆಗೆ ನೇರವಾಗಿ ಬೀಳುವುದು ಮುಖದ ಮೇಲಿನ ಬೆಳಕಿನ 64ನೇ ಒಂದು ಭಾಗ. ಅಂದರೆ ಚಿಕ್ಕ ಬಲ್ಬನ್ನು ನಟಿಯ ಹತ್ತಿರಕ್ಕೆ ತಂದು, ನಟಿಯನ್ನು ಗೋಡೆಯಿಂದ ದೂರಕ್ಕೆ ತಂದರೆ ಹಿನ್ನೆಲೆ ತಾನಾಗಿ ಕಪ್ಪಾಗುತ್ತದೆ. ನಮ್ಮ ಮನೆಗಳಲ್ಲಿ ತೊಂದರೆ ಬಿಳಿ ಗೋಡೆಯದು. ಬಿದ್ದ ಬೆಳಕನ್ನೆಲ್ಲ ತಿರುಗಿಸಿ ಎಸೆದು ಕೋಣೆಯನ್ನೇ ಮಂದವಾಗಿ ಬೆಳಗಿಬಿಡುತ್ತದೆ. ಚೌಕಟ್ಟಿನ ಆಚೆಗಿನ ಗೋಡೆಗೆ ಕಪ್ಪು ಬಟ್ಟೆ, ಗಾಢ ಬಣ್ಣದ ಬೆಡ್‌ಶೀಟು ಕಟ್ಟಿದರೆ ಮುಖದ ಆ ಬದಿ ಕತ್ತಲಿಗೆ ಸರಿಯುತ್ತದೆ. ಇಷ್ಟು ಅಗ್ಗದಲ್ಲಿ ಚಿತ್ರದ ಮುಖವನ್ನೇ ಬದಲಿಸುವ ಉಪಾಯ ಇನ್ನೊಂದು ನನಗೆ ಕಂಡಿಲ್ಲ.

ದೇವರಮನೆಯ ದೀಪ, ಜೀರೋ ಬಲ್ಬು, ಬೀದಿದೀಪದಿಂದ ಕಿಟಕಿಯ ಸರಳುಗಳ ನೆರಳು, ತೆರೆದ ಫ್ರಿಜ್ಜಿನ ಬೆಳಕು, ಫೋನಿನ ಪರದೆ ಇವೆಲ್ಲ ಕಥೆಯೊಳಗಿನ ದೀಪಗಳು. ದೃಶ್ಯದಲ್ಲಿ ಕಾಣುವ ದೀಪದಿಂದಲೇ ಬೆಳಕು ಬಂದಂತಿದ್ದರೆ ನೋಡುಗರು ಕೋಣೆಯನ್ನು ನಂಬುತ್ತಾರೆ. ಭಾರತದಲ್ಲಿ ಕರೆಂಟು 50 ಹರ್ಟ್ಸ್, ಆದ್ದರಿಂದ ಅಗ್ಗದ ಎಲ್‌ಇಡಿ ಮತ್ತು ಟ್ಯೂಬ್‌ಲೈಟುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಮೊಬೈಲಿನ ತಾನೇ-ಹೊಂದಿಸಿಕೊಳ್ಳುವ ಮೋಡಿನಲ್ಲಿ ತೆಗೆದರೆ ಚಿತ್ರದ ಮೇಲೆ ಪಟ್ಟೆಗಳು ಹರಿದಾಡುವುದು ಇದರಿಂದ. ಸೆಕೆಂಡಿಗೆ 25 ಫ್ರೇಮು, ಶಟರ್ ತೆರೆದಿರುವ ಹೊತ್ತು 1/50 ಸೆಕೆಂಡು ಎಂದು ಕೈಯಾರೆ ಕಟ್ಟಿಹಾಕಿದರೆ ಆ ಕಾಟ ತಪ್ಪುತ್ತದೆ.

‘ಲೈಟ್ಸ್ ಔಟ್’ ರೀತಿಯ ಇದ್ದೂ ಇಲ್ಲದ ಆಕಾರಕ್ಕೆ ಗ್ರಾಫಿಕ್ಸ್ ಸ್ಟುಡಿಯೋ ಬೇಡ. ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ಅಲುಗದಂತೆ ನಿಲ್ಲಿಸಿ, ಒಂದೇ ಚೌಕಟ್ಟನ್ನು ಆಕಾರ ಇರುವ ಹಾಗೊಮ್ಮೆ, ಇಲ್ಲದ ಹಾಗೊಮ್ಮೆ ತೆಗೆದು, ಎಡಿಟಿಂಗಿನಲ್ಲಿ ಎರಡನ್ನೂ ಪಕ್ಕಪಕ್ಕ ಹೊಲಿಯಬಹುದು. ಡಾವಿಂಚಿ ರಿಸಾಲ್ವ್ ತಂತ್ರಾಂಶದ ಉಚಿತ ಆವೃತ್ತಿಯಲ್ಲೇ ಇದು ಆಗುತ್ತದೆ. ಟ್ರೈಪಾಡ್ ಒಂದು ಕೂದಲೆಳೆಯಷ್ಟು ಸರಿದರೂ ಹೊಲಿಗೆ ಕಾಣುತ್ತದೆ, ಅಷ್ಟೇ ಜಾಗ್ರತೆ.

ಕೊರತೆಯನ್ನೇ ಶೈಲಿ ಮಾಡಿಕೊಳ್ಳುವ ದಾರಿಯೂ ಇದೆ. 2022ರ ಜನವರಿಯಲ್ಲಿ 16ರ ಹುಡುಗ ಕೇನ್ ಪಾರ್ಸನ್ಸ್ ಯೂಟ್ಯೂಬಿಗೆ ಹಾಕಿದ ಬ್ಯಾಕ್‌ರೂಮ್ಸ್ ವಿಡಿಯೋ ಇದಕ್ಕೆ ಒಳ್ಳೆಯ ನಿದರ್ಶನ. 2019ರಿಂದ ಅಂತರ್ಜಾಲದಲ್ಲಿ ಸುತ್ತುತ್ತಿದ್ದ, ಹಳದಿ ಗೋಡೆಯ ಖಾಲಿ ಕೋಣೆಗಳ ಒಂದು ಚಿತ್ರ ಮತ್ತು ಅದರ ಸುತ್ತ ಬೆಳೆದ ದಂತಕಥೆ ಅದಕ್ಕೆ ಮೂಲ. ಆ ಕೋಣೆಗಳನ್ನು ಆತ ಬ್ಲೆಂಡರ್ ಎಂಬ ಉಚಿತ ತಂತ್ರಾಂಶದಲ್ಲಿ ಕಟ್ಟಿ, ಮೇಲೆ ಹಳೆಯ ವಿಡಿಯೋ ಕ್ಯಾಸೆಟ್ಟಿನ ಮಸುಕು, ನಡುಕ ಹಚ್ಚಿದ. ಆ ಮಸುಕು ಗ್ರಾಫಿಕ್ಸಿನ ಲೋಪಗಳನ್ನು ಮುಚ್ಚಿತು, ಇದು ಯಾರೋ ನಿಜವಾಗಿ ಹಿಡಿದ ಕ್ಯಾಸೆಟ್ಟಿರಬಹುದು ಎಂಬ ಅನುಮಾನವನ್ನೂ ಹುಟ್ಟಿಸಿತು. ಅದನ್ನು ಪೂರ್ಣ ಚಿತ್ರ ಮಾಡಲು ಮುಂದೆ ಎ24 ಎಂಬ ಅಮೆರಿಕದ ಚಿತ್ರ ಕಂಪನಿ ಕೈಹಾಕಿತು.

ಕಿವಿಯಿಂದ ಬರುವ ಭಯ

ಹಣ ಸ್ವಲ್ಪವೇ ಇದ್ದರೆ ಅದನ್ನು ಶಬ್ದಕ್ಕೆ ಹಾಕಿ ಎಂದು ನಾನು ಯಾರಿಗಾದರೂ ಹೇಳುತ್ತೇನೆ. ಚಿತ್ರ ಮಸುಕಾಗಿದ್ದರೆ ಜನ ಸಹಿಸುತ್ತಾರೆ. ಮಾತು ಕೇಳಿಸದಿದ್ದರೆ, ಫ್ಯಾನಿನ ಗೊರಗೊರ ಎದ್ದು ಕೂತರೆ, ಮುಂದಿನ ವಿಡಿಯೋಗೆ ಹೋಗುತ್ತಾರೆ.

ಬೆಚ್ಚಿ ಬೀಳುವುದು ಮಿದುಳುಕಾಂಡದಲ್ಲೇ ನಡೆದುಹೋಗುವ ಪ್ರತಿವರ್ತನೆ. ಥಟ್ಟನೆ ದೊಡ್ಡ ಸದ್ದಾದರೆ ಅದು ಏನೆಂದು ಯೋಚಿಸುವ ಮೊದಲೇ ಕಣ್ಣು ಮುಚ್ಚಿ, ಹೆಗಲು ಎದ್ದಿರುತ್ತದೆ. ಕತ್ತಲಲ್ಲಿ ಮನುಷ್ಯರು ಇನ್ನೂ ಜೋರಾಗಿ ಬೆಚ್ಚುತ್ತಾರೆಂದು ಪ್ರಯೋಗಗಳಲ್ಲಿ ಕಂಡಿದೆ. ಜಂಪ್ ಸ್ಕೇರ್, ಅಂದರೆ ಥಟ್ಟನೆ ಬೆಚ್ಚಿಬೀಳಿಸುವ ಉಪಾಯ, ಈ ದೇಹಧರ್ಮದ ಮೇಲೆ ನಿಂತದ್ದು. ಆದರೆ ಈ ಪ್ರತಿವರ್ತನೆಗೆ ಬೇಗ ಒಗ್ಗಿಕೊಳ್ಳುವ ಗುಣವೂ ಇದೆ. ಎರಡನೆಯ ಸಲ ಅಷ್ಟಿಲ್ಲ, ನಾಲ್ಕನೆಯ ಸಲ ಕಿರಿಕಿರಿ ಮಾತ್ರ. ಮೂರು ನಿಮಿಷದ ಚಿತ್ರದಲ್ಲಿ ಅದನ್ನು ಒಂದೇ ಸಲ ಖರ್ಚು ಮಾಡಬಹುದು.

ಆ ಒಂದು ಸಲವನ್ನು ಹೇಗೆ ಖರ್ಚು ಮಾಡಬೇಕೆಂದು ತೋರಿಸಿದ್ದು 1942ರ ‘ಕ್ಯಾಟ್ ಪೀಪಲ್’. ನಿರ್ಮಾಪಕ ವ್ಯಾಲ್ ಲೂಟನ್, ನಿರ್ದೇಶಕ ಜ್ಯಾಕ್ ಟೂರ್ನರ್. ಹಣ ಕಡಿಮೆ, ಆದ್ದರಿಂದ ಕಥೆಯಲ್ಲಿ ಬರುವ ಚಿರತೆಯನ್ನು ಬಹುಮಟ್ಟಿಗೆ ತೋರಿಸದೆ ನೆರಳಿನಲ್ಲೇ ನಡೆಸಿದರು. ರಾತ್ರಿ ಒಂಟಿ ಹೆಂಗಸು ನಡೆದು ಹೋಗುತ್ತಿದ್ದಾಳೆ. ಹಿಂದೆ ಇನ್ನೊಬ್ಬಳ ಹೆಜ್ಜೆ ಸದ್ದು. ಆ ಹೆಜ್ಜೆ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಮೌನ. ನಾವು ಪರದೆಯ ಕತ್ತಲಲ್ಲಿ ಮೃಗವನ್ನು ಹುಡುಕುತ್ತಿರುವಾಗ ಪಕ್ಕದಿಂದ ಬುಸ್ಸೆಂದು ನುಗ್ಗಿ ಬರುವುದು ಒಂದು ಬಸ್ಸು. ಇಂದಿಗೂ ಈ ಉಪಾಯವನ್ನು ‘ಲೂಟನ್ ಬಸ್’ ಎಂದೇ ಕರೆಯುತ್ತಾರೆ. ಅಲ್ಲಿ ಬೆಚ್ಚಿಸಿದ್ದು ಬ್ರೇಕಿನ ಸದ್ದು ನಿಜ, ಆದರೆ ಅದಕ್ಕೆ ಬಲ ತುಂಬಿದ್ದು ಹಿಂದಿನ ಮೌನ. ನಿಂತುಹೋದ ಹೆಜ್ಜೆ ಸದ್ದು ನಡೆಯುತ್ತಿರುವ ಹೆಜ್ಜೆಗಿಂತ ಭಯಂಕರ.

ನಮ್ಮ ಬಾಡಿಗೆ ಮನೆಯ ಚಿತ್ರಕ್ಕೆ ಇದನ್ನು ಹಚ್ಚಿ ನೋಡೋಣ. ರಾತ್ರಿಯ ಮನೆಯಲ್ಲಿ ಏನೇನು ಕೇಳಿಸುತ್ತದೆ? ಫ್ಯಾನು, ಫ್ರಿಜ್ಜಿನ ಗುಂಯ್ ಸದ್ದು, ಮೇಲಿನ ಟ್ಯಾಂಕಿಗೆ ನೀರೇರುವ ಮೋಟಾರು, ದೂರದ ನಾಯಿ, ಹಲ್ಲಿ ಲೊಚಗುಟ್ಟುವುದು. ಬಾಗಿಲು ಬಡಿಯುವ ಮೊದಲು ಇವನ್ನು ಒಂದೊಂದಾಗಿ, ಯಾರ ಗಮನಕ್ಕೂ ಬಾರದಂತೆ ತೆಗೆಯುತ್ತ ಹೋಗಬೇಕು. ಮೋಟಾರು ನಿಂತಿತು, ನಾಯಿ ಸುಮ್ಮನಾಯಿತು. ಕರೆಂಟು ಹೋಗಿ ಫ್ಯಾನು ನಿಧಾನವಾಗುತ್ತ ನಿಂತರೆ ಆ ಮೌನ ಇನ್ನೂ ಸಹಜವಾಗಿ ಬರುತ್ತದೆ, ಕರೆಂಟು ಹೋದಾಗಿನ ಆ ದಿಢೀರ್ ನಿಶ್ಶಬ್ದವನ್ನು ಅನುಭವಿಸದ ಕನ್ನಡಿಗರಿಲ್ಲ. ಆಗ ಬಾಗಿಲಿನ ಮೇಲೆ ಮೆಲ್ಲಗೆ ಬೆರಳ ಗೆಣ್ಣಿನ ಎರಡು ಬಡಿತ ಸಾಕು. ಪಿಟೀಲಿನ ಕಿರುಚಾಟ ಬೇಡ.

ಇದನ್ನು ಮಾಡಲು ಶೂಟಿಂಗ್ ಜಾಗದಲ್ಲೇ ಎಲ್ಲರನ್ನೂ ಸುಮ್ಮನಿರಿಸಿ ಆ ಕೋಣೆಯ ಖಾಲಿ ಸದ್ದನ್ನು ಒಂದು ನಿಮಿಷ ದಾಖಲಿಸಿಕೊಳ್ಳಬೇಕು. ಇದಕ್ಕೆ ರೂಮ್ ಟೋನ್ ಎನ್ನುತ್ತಾರೆ. ಎಡಿಟಿಂಗಿನಲ್ಲಿ ಮಾತು ಕತ್ತರಿಸಿದ ಜಾಗಕ್ಕೆಲ್ಲ ಅದೇ ತೇಪೆ. ಶೂಟಿಂಗ್ ವೇಳೆ ಫ್ಯಾನು, ಫ್ರಿಜ್ಜು ನಿಲ್ಲಿಸಿ, ಆಮೇಲೆ ಆ ಸದ್ದುಗಳನ್ನು ಬೇರೆಯಾಗಿ ಸೇರಿಸಿದರೆ ಯಾವಾಗ ಇರಬೇಕು, ಯಾವಾಗ ನಿಲ್ಲಬೇಕು ಎನ್ನುವುದು ನಿಮ್ಮ ಕೈಯಲ್ಲಿರುತ್ತದೆ. ಮೈಕು ನಟರ ಬಾಯಿಗೆ ಹತ್ತಿರವಿದ್ದಷ್ಟೂ ಒಳ್ಳೆಯದು. ಅಂಗಿಗೆ ಸಿಕ್ಕಿಸುವ ಅಗ್ಗದ ಮೈಕು ಕೂಡ ದೂರದ ಕ್ಯಾಮೆರಾ ಮೈಕಿಗಿಂತ ಎಷ್ಟೋ ಮೇಲು. ಬಾಗಿಲಾಚೆಯ ಅಮ್ಮನ ದನಿಯನ್ನು ನಿಜವಾಗಿಯೂ ಮುಚ್ಚಿದ ಬಾಗಿಲ ಆಚೆ ನಿಲ್ಲಿಸಿಯೇ ದಾಖಲಿಸಿ. ಮರ ಆ ದನಿಗೆ ಮಾಡುವುದನ್ನು ಕಂಪ್ಯೂಟರಿನಲ್ಲಿ ಅನುಕರಿಸುವುದು ಕಷ್ಟ. ಮತ್ತು ಆ ಮಾತು ಹಾಸನದ ಮಾತಾಗಿಯೇ ಇರಲಿ. ದೆವ್ವ ಮನೆಯವರ ದನಿಯಲ್ಲಿ ಕರೆಯುತ್ತದೆ ಎಂಬುದೇ ಕಥೆಯ ಪ್ರಾಣವಾಗಿರುವಾಗ ಅಮ್ಮ ಧಾರಾವಾಹಿಯ ಗ್ರಂಥಭಾಷೆ ಮಾತಾಡಿದರೆ ಮೊದಲ ಪದಕ್ಕೇ ಮೋಸ ಗೊತ್ತಾಗಿಬಿಡುತ್ತದೆ.

ಚಿತ್ರವನ್ನು ಬಹುತೇಕರು ನೋಡುವುದು ಫೋನಿನಲ್ಲಿ. ಫೋನಿನ ಚಿಕ್ಕ ಸ್ಪೀಕರು ತೀರಾ ತಗ್ಗಿನ ಗುಡುಗನ್ನು ನುಡಿಸಲಾರದು. ಎದೆ ನಡುಗಿಸಲೆಂದು ನೀವು ಹಾಕಿದ ಆಳದ ಸದ್ದು ಅಲ್ಲಿ ಇಲ್ಲವೇ ಇಲ್ಲ. ಮುಖ್ಯ ಸದ್ದುಗಳು ಮಧ್ಯಮ ಸ್ಥಾಯಿಯಲ್ಲೂ ಸ್ವಲ್ಪ ಇರುವಂತೆ ನೋಡಿಕೊಳ್ಳಬೇಕು: ಉಗುರು ಕೆರೆತ, ಚಿಲಕ, ಉಸಿರು. ಯೂಟ್ಯೂಬು ಜೋರಾದ ವಿಡಿಯೋಗಳ ಒಟ್ಟಾರೆ ಸದ್ದನ್ನು ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ಸದ್ದಿನ ಜೋರನ್ನು ಅಳೆಯುವ ಮಾನ) ಮಟ್ಟಕ್ಕೆ ತಗ್ಗಿಸುತ್ತದೆ. ಮೊದಲಿಂದ ಕೊನೆವರೆಗೆ ಅಬ್ಬರಿಸಿದರೆ ಎಲ್ಲವೂ ತಗ್ಗುತ್ತದೆ, ಹೆದರಿಸುವ ಜಾಗವೂ ಸೇರಿ. ಉಳಿಯುವುದು ಮೆಲುದನಿಗೂ ದೊಡ್ಡ ಸದ್ದಿಗೂ ನಡುವಿನ ಅಂತರ ಮಾತ್ರ.

ನೆತ್ತರಿನ ವಿಷಯ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಗಟ್ಟಿ ಸಕ್ಕರೆ ಪಾಕಕ್ಕೆ ತಿನ್ನುವ ಕೆಂಪು ಬಣ್ಣ, ಕಡುವಾಗಲು ಚಿಟಿಕೆ ಕಾಫಿ ಪುಡಿ ಸಾಕು. ರಾತ್ರಿ ಹೊರಗೆ ಚಾಕು, ನೆತ್ತರು, ಕಿರುಚಾಟದ ದೃಶ್ಯವಿದ್ದರೆ ಅಕ್ಕಪಕ್ಕದವರಿಗೂ ಪೊಲೀಸ್ ಠಾಣೆಗೂ ಮೊದಲೇ ತಿಳಿಸಿರಿ.

ಜನರ ಮುಂದೆ ಇಡುವುದು

ಚಿತ್ರ ಸಿದ್ಧವಾದ ರಾತ್ರಿಯೇ ಅಪ್‌ಲೋಡ್ ಮಾಡುವ ಆಸೆ ಎಲ್ಲರಿಗೂ. ಆದರೆ ಹಂಚುವುದಕ್ಕೂ ಒಂದು ಕ್ರಮವಿದೆ, ಒಮ್ಮೆ ತಪ್ಪಿದರೆ ಹಿಂದಕ್ಕೆ ಬರಲಾಗುವುದಿಲ್ಲ. ಕೆಲವು ದೊಡ್ಡ ಚಿತ್ರೋತ್ಸವಗಳು ಆಗಲೇ ಅಂತರ್ಜಾಲದಲ್ಲಿರುವ ಚಿತ್ರವನ್ನು ಸ್ವೀಕರಿಸುವುದಿಲ್ಲ, ಕೆಲವಕ್ಕೆ ಅದರ ಚಿಂತೆಯಿಲ್ಲ. ಆದ್ದರಿಂದ ಉತ್ಸವ ಮೊದಲು, ಯೂಟ್ಯೂಬು ನಂತರ. ಹಾರರ್‌ಗೇ ಮೀಸಲಾದ ಅಥವಾ ಅದಕ್ಕೆ ದೊಡ್ಡ ಮಣೆ ಹಾಕುವ ಉತ್ಸವಗಳಿವೆ: 1968ರಿಂದ ನಡೆಯುತ್ತಿರುವ ಸ್ಪೇನಿನ ಸಿಟ್ಜಸ್, ಮಾಂಟ್ರಿಯಲ್‌ನ ಫ್ಯಾಂಟೇಸಿಯಾ, ಲಂಡನ್ನಿನ ಫ್ರೈಟ್‌ಫೆಸ್ಟ್. ನಮ್ಮ ಮನೆ ಬಾಗಿಲಲ್ಲೇ ಬೆಂಗಳೂರು ಅಂತಾರಾಷ್ಟ್ರೀಯ ಕಿರುಚಿತ್ರೋತ್ಸವವಿದೆ, ಅದು ಆಸ್ಕರ್ ಅರ್ಹತೆಯ ಉತ್ಸವಗಳ ಸಾಲಿನಲ್ಲಿದೆ. ಬಹಳಷ್ಟು ಉತ್ಸವಗಳಿಗೆ ಫಿಲ್ಮ್‌ಫ್ರೀವೇ ಜಾಲತಾಣದ ಮೂಲಕ ಚಿತ್ರ ಕಳಿಸಬಹುದು. ಹಲವಕ್ಕೆ ಪ್ರವೇಶ ಶುಲ್ಕವಿರುತ್ತದೆ, ಡಾಲರಿನಲ್ಲಿ ಕೊಡುತ್ತ ಹೋದರೆ ಚಿತ್ರ ಮಾಡಿದ್ದಕ್ಕಿಂತ ಹೆಚ್ಚಾದೀತು. ಪ್ರದರ್ಶನವೇ ಇಲ್ಲದೆ ಶುಲ್ಕ ಪಡೆದು ತಿಂಗಳು ತಿಂಗಳೂ ಪ್ರಶಸ್ತಿಪತ್ರ ಮಿಂಚಂಚೆಯಲ್ಲಿ ಕಳಿಸುವ ‘ಉತ್ಸವ’ಗಳೂ ಇವೆ. ನಿಜವಾದ ಸಭಾಂಗಣ, ನಿಜವಾದ ಜನ, ಹಿಂದಿನ ವರ್ಷ ತೋರಿಸಿದ ಚಿತ್ರಗಳ ಪಟ್ಟಿ ಇದೆಯೇ ನೋಡಿಯೇ ದುಡ್ಡು ಕಟ್ಟಬೇಕು.

ಅವಧಿ ಇಲ್ಲೂ ಲೆಕ್ಕಕ್ಕೆ ಬರುತ್ತದೆ. ಆಸ್ಕರ್ ನಿಯಮದಂತೆ 40 ನಿಮಿಷದವರೆಗಿನದು ಕಿರುಚಿತ್ರ. ಕಾನ್ ಉತ್ಸವದ ಕಿರುಚಿತ್ರ ಸ್ಪರ್ಧೆಗೆ 15 ನಿಮಿಷವೇ ಮಿತಿ. ಆದರೆ ಉತ್ಸವದ ಆಯ್ಕೆಗಾರರು ಹಲವು ಚಿತ್ರಗಳನ್ನು ಒಂದು ಪ್ರದರ್ಶನದ ಹೊತ್ತಿಗೆ ಹೊಂದಿಸಬೇಕು. ನಾಲ್ಕು ನಿಮಿಷದ ಚಿತ್ರಕ್ಕೆ ಜಾಗ ಸಿಕ್ಕುವಷ್ಟು ಸುಲಭವಾಗಿ 25 ನಿಮಿಷದ್ದಕ್ಕೆ ಸಿಕ್ಕುವುದಿಲ್ಲ.

ಎಲ್ಲಕ್ಕಿಂತ ಮೊದಲು ಕಾಗದಪತ್ರ. ನಟರು, ಸಂಗೀತ ಕೊಟ್ಟವರು, ಕಥೆ ಬರೆದವರು ಎಲ್ಲರೂ ಗೆಳೆಯರೇ ಆಗಿರಬಹುದು. ಆದರೂ ಪ್ರತಿಯೊಬ್ಬರಿಂದ ಒಂದು ಪುಟದ ಸಹಿ ಮಾಡಿದ ಒಪ್ಪಿಗೆ ಬೇಕು. ಮುಂದೆ ಯಾರಾದರೂ ಚಿತ್ರ ಕೊಳ್ಳಲು ಬಂದಾಗ ಮೊದಲು ಕೇಳುವುದೇ ಅದನ್ನು. ಯಾರದಾದರೂ ಕಥೆ ಆಧರಿಸಿದ್ದರೆ ಅನುಮತಿ ಬೇಕು. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷದವರೆಗೆ ಹಕ್ಕು ವಾರಸುದಾರರದು. ‘ನಾಳೆ ಬಾ’ ಜನಪದದ ಕಥೆ, ಯಾರ ಸ್ವತ್ತೂ ಅಲ್ಲ. ಆದರೆ ಅದೇ ಎಳೆ ಬಳಸಿದ 2018ರ ಹಿಂದಿ ಚಿತ್ರ ‘ಸ್ತ್ರೀ’ಯ ದೃಶ್ಯ, ಸಂಭಾಷಣೆ, ಪಾತ್ರ ಅದರ ನಿರ್ಮಾಪಕರ ಸ್ವತ್ತು. ಎಳೆ ತೆಗೆದುಕೊಳ್ಳಬಹುದು, ನೇಯ್ದದ್ದನ್ನು ತೆಗೆದುಕೊಳ್ಳುವ ಹಾಗಿಲ್ಲ.

ಸಂಗೀತದಲ್ಲಿ ಎಡವುವವರು ಹೆಚ್ಚು. ಸಿನೆಮಾ ಹಾಡಿನ ತುಣುಕು ಹಿಂದೆ ರೇಡಿಯೋದಲ್ಲಿ ಕೇಳಿಸಿದರೂ ಯೂಟ್ಯೂಬಿನ ಕಂಟೆಂಟ್ ಐಡಿ ವ್ಯವಸ್ಥೆ ಹಿಡಿಯುತ್ತದೆ. ವಿಡಿಯೋದ ಆದಾಯ ಹಕ್ಕುದಾರರಿಗೆ ಹೋಗಬಹುದು, ಇಲ್ಲವೇ ವಿಡಿಯೋವೇ ಮರೆಯಾಗಬಹುದು. ಫ್ರೀಸೌಂಡ್ ತಾಣದಲ್ಲಿ ಸದ್ದುಗಳು ಧರ್ಮಕ್ಕೆ ಸಿಗುತ್ತವೆ, ಆದರೆ ಪ್ರತಿಯೊಂದರ ಪರವಾನಗಿ ಬೇರೆ. ಕೆಲವಕ್ಕೆ ಯಾವ ಷರತ್ತೂ ಇಲ್ಲ, ಕೆಲವಕ್ಕೆ ಹೆಸರು ಹಾಕಬೇಕು, ಕೆಲವನ್ನು ಹಣ ಗಳಿಸುವ ವಿಡಿಯೋದಲ್ಲಿ ಬಳಸುವಂತಿಲ್ಲ. ಇಳಿಸಿಕೊಂಡ ದಿನವೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಸೆನ್ಸಾರ್ ಬಗ್ಗೆ ಪದೇ ಪದೇ ಕೇಳುತ್ತಾರೆ. ಚಿತ್ರಮಂದಿರದಲ್ಲೋ ಸಭಾಂಗಣದಲ್ಲೋ ಸಾರ್ವಜನಿಕ ಪ್ರದರ್ಶನಕ್ಕೆ 1952ರ ಸಿನೆಮಾಟೋಗ್ರಾಫ್ ಕಾಯ್ದೆಯಡಿ ಪ್ರಮಾಣಪತ್ರ ಬೇಕು. ಚಿತ್ರೋತ್ಸವಗಳು ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯದಿಂದ ವಿನಾಯಿತಿ ಪಡೆಯುತ್ತವೆ. ಯೂಟ್ಯೂಬಿಗೆ ಹಾಕಲು ಆ ಪ್ರಮಾಣಪತ್ರ ಬೇಡ. ಅಲ್ಲಿ ಬೇರೆ ತಡೆಯಿದೆ: ನೆತ್ತರು, ಹಿಂಸೆ ಅತಿಯಾದರೆ ವಯಸ್ಸಿನ ನಿರ್ಬಂಧ ಬೀಳುತ್ತದೆ. ಆಗ ಲಾಗಿನ್ ಆಗದವರಿಗೆ ವಿಡಿಯೋ ಕಾಣುವುದಿಲ್ಲ, ಜಾಹೀರಾತಿನ ಆದಾಯವೂ ಇಳಿಯುತ್ತದೆ. ತೋರಿಸದೆ ಹೆದರಿಸುವವರಿಗೆ ಇಲ್ಲೂ ಲಾಭ.

ಕಪ್ಪು ಹೆಚ್ಚಿರುವ ಚಿತ್ರವನ್ನು ಯೂಟ್ಯೂಬು ಕುಗ್ಗಿಸುವಾಗ ಕತ್ತಲೆಯ ಜಾಗದಲ್ಲಿ ಚೌಕ ಚೌಕ ಕಲೆಗಳೇಳುತ್ತವೆ. ಗ್ರೇನ್ ಎನ್ನುವ ತೆಳುವಾದ ಕಾಳುಕಾಳು ಪದರ ಸೇರಿಸಿ, ಚಿತ್ರವನ್ನು 4ಕೆ ಗಾತ್ರಕ್ಕೆ ಏರಿಸಿ ಹಾಕಿದರೆ ಇದು ಕಡಿಮೆಯಾಗುತ್ತದೆ. ಹಾಕುವ ಮೊದಲು ಹಗಲಲ್ಲಿ, ಕಿಟಕಿ ಪಕ್ಕ ಕೂತು, ಅಗ್ಗದ ಫೋನಿನಲ್ಲಿ ಒಮ್ಮೆ ನೋಡಿ. ಅಲ್ಲಿ ಆಕಾರ ಕಾಣದಿದ್ದರೆ ಅರ್ಧ ಜನಕ್ಕೆ ಕಾಣುವುದಿಲ್ಲ. ವಾಟ್ಸ್ಆ್ಯಪಿನಲ್ಲಿ ವಿಡಿಯೋವನ್ನೇ ಕಳಿಸಿದರೆ ಅದು ಕುಗ್ಗಿ ಕೆಡುತ್ತದೆ, ಕೊಂಡಿ ಕಳಿಸುವುದೇ ಸರಿ.

ಸಬ್‌ಟೈಟಲ್ ಇದ್ದರೆ ಕನ್ನಡದ ಮೂರು ನಿಮಿಷ ಎಲ್ಲಿಯವರನ್ನಾದರೂ ಹೆದರಿಸೀತು; ಅಮೆರಿಕದಲ್ಲೋ ಜರ್ಮನಿಯಲ್ಲೋ ಹುಟ್ಟಿ ಬೆಳೆದು ಕನ್ನಡ ಅರ್ಧಂಬರ್ಧ ತಿಳಿಯುವ ನಮ್ಮ ಮಕ್ಕಳಿಗೂ ಅದು ಬೇಕು. ಆದರೆ ಅದಕ್ಕೊಂದು ಗಂಡಾಂತರವಿದೆ. ಮಾತು ಹುಟ್ಟುವ ಮೊದಲೇ ಅಕ್ಷರ ಪರದೆಗೆ ಬಂದರೆ ಓದಿ ಮುಗಿದಿರುತ್ತದೆ, ಹೆದರಿಕೆ ಹೋಗಿರುತ್ತದೆ. ಫೋನಿನ ದನಿ ಹೇಳುವ ಆ ಕೊನೆಯ ಮಾತಿನ ಸಾಲು ದನಿಯ ಜೊತೆಗೇ ಬರಬೇಕು, ಒಂದು ಫ್ರೇಮೂ ಮುಂದಲ್ಲ. ‘ನಾಳೆ ಬಾ’ ಕಥೆ ತಿಳಿಯದವರಿಗೆ ನಿಯಮವನ್ನು ಚಿತ್ರದ ಒಳಗೇ ಹೇಗೆ ಕಲಿಸುವುದು ಎಂದೂ ಆಗ ಯೋಚಿಸಬೇಕಾಗುತ್ತದೆ. ಪಕ್ಕದ ಮನೆಯ ಅಜ್ಜಿ ಅಳಿಸಿದ ಅಕ್ಷರವನ್ನು ಮತ್ತೆ ತಿದ್ದುವ ಒಂದು ಶಾಟ್ ಮೊದಲಿಗೇ ಬಂದರೆ ಆದೀತು.

ಆಲ್ಟರ್, ಕ್ರಿಪ್ಟ್ ಟಿವಿಯಂಥ ಹಾರರ್ ಚಾನೆಲ್ಲುಗಳು ಆಯ್ದ ಕಿರುಚಿತ್ರಗಳನ್ನು ತಮ್ಮಲ್ಲಿ ತೋರಿಸುತ್ತವೆ. ಹೊಸಬರಿಗೆ ಅವರ ನೋಡುಗರ ಬಳಗ ದೊಡ್ಡ ವರ. ಒಪ್ಪಂದ ಮಾತ್ರ ಪದ ಪದ ಓದಬೇಕು: ಎಷ್ಟು ವರ್ಷಕ್ಕೆ, ಅವರೊಬ್ಬರಿಗೇ ಕೊಡುವುದೋ, ನಿಮ್ಮ ಚಾನೆಲ್ಲಿನಲ್ಲೂ ಇಟ್ಟುಕೊಳ್ಳಬಹುದೋ. ವಿಡಿಯೋ ತೋರಿಸುವ ಹಕ್ಕಿನ ಜೊತೆ ಕಥೆಯನ್ನು ದೊಡ್ಡ ಚಿತ್ರವೋ ಸರಣಿಯೋ ಮಾಡುವ ಹಕ್ಕು ಒಂದೇ ಸಾಲಿನಲ್ಲಿ ಅಡಗಿ ಹೋಗದಂತೆ ನೋಡಿಕೊಳ್ಳಬೇಕು. ನಿಮ್ಮ ಬಳಿ ಇರುವ ಬೆಲೆಬಾಳುವ ವಸ್ತು ಆ ನಿಯಮವೇ.

ಹಾಗೆ ದೊಡ್ಡ ಚಿತ್ರವಾದವುಗಳಿವೆ. ಜೇಮ್ಸ್ ವಾನ್ ಮತ್ತು ಲೀ ವಾನೆಲ್ ತಮ್ಮ ‘ಸಾ’ ಚಿತ್ರಕಥೆಯ ಒಂದೇ ದೃಶ್ಯವನ್ನು 2003ರಲ್ಲಿ ಕಿರುಚಿತ್ರ ಮಾಡಿ ನಿರ್ಮಾಪಕರಿಗೆ ತೋರಿಸಿದರು, 2004ರಲ್ಲಿ ಪೂರ್ಣ ಚಿತ್ರ ಬಂತು. ಪಾರ್ಕರ್ ಫಿನ್ ಅವರ ‘ಲಾರಾ ಹ್ಯಾಸ್ನಾಟ್ ಸ್ಲೆಪ್ಟ್’ ತೆರೆ ಕಾಣಬೇಕಿದ್ದ 2020ರ ಉತ್ಸವವೇ ಕೋವಿಡ್‌ನಿಂದ ರದ್ದಾಯಿತು. ಆದರೂ ಅದು 2022ರಲ್ಲಿ ‘ಸ್ಮೈಲ್’ ಆಗಿ ಚಿತ್ರಮಂದಿರಗಳನ್ನು ತುಂಬಿತು. ಆಸ್ಟ್ರೇಲಿಯಾದ ಜೆನಿಫರ್ ಕೆಂಟ್ ಅವರ 2005ರ ‘ಮಾನ್ಸ್ಟರ್’ ಕಿರುಚಿತ್ರ ‘ದಿ ಬಾಬಾಡೂಕ್’ ಆಗಲು 2014ರವರೆಗೆ ಕಾಯಬೇಕಾಯಿತು. ಈ ಹೆಸರುಗಳ ಹಿಂದೆ ಯಾರೂ ಕೊಳ್ಳದ ಅಸಂಖ್ಯ ಕಿರುಚಿತ್ರಗಳಿವೆ, ಅವುಗಳಲ್ಲಿ ಬಹಳ ಒಳ್ಳೆಯವೂ ಇವೆ. ಆದ್ದರಿಂದ ಕಿರುಚಿತ್ರವನ್ನು ದೊಡ್ಡ ಚಿತ್ರದ ಜಾಹೀರಾತಿನಂತೆ ಮಾಡಬೇಡಿ. ಮುಂದೆ ಏನೋ ಇದೆ ಎಂದು ಬಾಗಿಲು ತೆರೆದಿಟ್ಟು ಮುಗಿಯುವ ಚಿತ್ರಕ್ಕಿಂತ, ತನ್ನ ಮೂರು ನಿಮಿಷದಲ್ಲೇ ಪೂರ್ತಿಯಾಗುವ ಚಿತ್ರವೇ ಮತ್ತೆ ನೋಡಿಸಿಕೊಳ್ಳುತ್ತದೆ.

ಅಪ್‌ಲೋಡ್ ಆಗಿ ವಾರ ಕಳೆದ ಮೇಲೆ ಯೂಟ್ಯೂಬ್ ಸ್ಟುಡಿಯೋದಲ್ಲಿ ನೋಡುಗರು ಎಲ್ಲಿಯವರೆಗೆ ಉಳಿದರು ಎಂಬ ಗೆರೆಯನ್ನು ತೆರೆದು ನೋಡಿ. ಮೊದಲ ಹದಿನೈದು ಸೆಕೆಂಡಿನಲ್ಲೇ ಗೆರೆ ಕುಸಿದಿದ್ದರೆ ಹೆಸರುಗಳ ಪಟ್ಟಿ ಉದ್ದವಾಯಿತು, ಇಲ್ಲವೇ ನಿಯಮ ತಡವಾಗಿ ಬಂತು. ನಡುವೆ ಮೆಲ್ಲಗೆ ಇಳಿದಿದ್ದರೆ ಪರೀಕ್ಷೆಯ ಭಾಗ ಎಳೆದಾಡಿದೆ. ಒಂದು ಜಾಗದಲ್ಲಿ ಗೆರೆ ಮೇಲಕ್ಕೆ ಉಬ್ಬಿದ್ದರೆ ಅಲ್ಲಿ ಜನ ಹಿಂದೆ ಸರಿಸಿ ಇನ್ನೊಮ್ಮೆ ನೋಡಿದ್ದಾರೆ. ಆ ಉಬ್ಬು ನೀವು ಹೆದರಿಸಲೆಂದು ಆರಿಸಿಕೊಂಡಿದ್ದ ಜಾಗದಲ್ಲೇ ಇದೆಯೋ, ನಿಮಗೆ ಗೊತ್ತಿಲ್ಲದೆ ಬೇರೆಲ್ಲೋ ಇದೆಯೋ ಎಂದು ನೋಡಿಕೊಂಡು ಮುಂದಿನ ಚಿತ್ರದ ಮೊದಲ ಪುಟ ಬರೆಯಲು ಕೂರಬಹುದು.